ಕೆಂಪು ಸೂಜಿ ಏರಿದ ಮಧ್ಯಾಹ್ನ

ಹೆಣ ಸಾಗಿಸುವ ಕರಿ ಗಾಡಿ ತನ್ನ ಗ್ಯಾರೇಜಿನ ಬಾಗಿಲಿಗೇ ಬಂದು ನಿಂತಾಗ ಗೆಂಚೊ ಒಂದೇ ನಟ್ಟನ್ನು ನಾಲ್ಕನೇ ಸಲ ಒರೆಸುತ್ತಿದ್ದ. ಒಳಗೆ ಮಲಗಿರುವವರು ಯಾರೆಂದು ಅವನಿಗೆ ಗೊತ್ತಿತ್ತು. ಎರಡು ದಿನದಿಂದ ಊರಿನ ಕಂಬಕಂಬಕ್ಕೂ ಅದೇ ಮುಖದ ಸಾವಿನ ಚೀಟಿ ಅಂಟಿತ್ತು: ಮೇಸ್ತ್ರಿ ಇಲ್ಕೊ, ಎಪ್ಪತ್ತಾರು ವರ್ಷ. ಗೆಂಚೊನ ಕೈಗೆ ಮೊದಲ ಸ್ಪ್ಯಾನರ್ ಕೊಟ್ಟವನು. ಹನ್ನೊಂದು ವರ್ಷದಿಂದ ಮಾತು ಬಿಟ್ಟವನು. ಮಣ್ಣಿಗೆ ಹೋಗಕೂಡದೆಂದು ಗೆಂಚೊ ಬೆಳಿಗ್ಗೆಯೇ ನಿಶ್ಚಯಿಸಿಬಿಟ್ಟಿದ್ದ.

"ಎಂಜಿನ್ ಕಾದ ಹಂಚಾಗಿದೆ ಮಾರಾಯ," ಎನ್ನುತ್ತ ಡ್ರೈವರ್ ರಂಗೆಲ್ ಇಳಿದ. "ಎಸಿ ಒಲೆ ಥರ ಬಿಸಿಗಾಳಿ ಉಗುಳ್ತಿದೆ. ಹೊರಗೇ ನಲವತ್ತು ಡಿಗ್ರಿ. ಇನ್ನು ಹಿಂದೆ ಮಲಗಿರೋರ ಗತಿ..."

"ಚರ್ಚು ಮೂರೇ ಬೀದಿ. ತಳ್ಕೊಂಡು ಹೋಗಿ."

"ನನ್ನ ಗಂಡನ್ನ ತಳ್ಕೊಂಡು ಹೋಗೋದಾ?" ಮುಂದಿನ ಸೀಟಿನಿಂದ ವಿಧವೆ ಪೆನ್ಕಾ ಸಿಡಿದಳು. "ಊರಿನ ಗಾಡಿಗಳನ್ನೆಲ್ಲ ಓಡಿಸಿದೋನು ತಾನು ತಳ್ಳಿಸ್ಕೊಂಡು ಹೋಗ್ಬೇಕಾ? ಬಾಯ್ಮುಚ್ಕೊಂಡು ನೋಡು."

ಗಾಡಿಯ ಹಿಂದೆ ನಡೆದು ಬಂದಿದ್ದ ಜನ ನೆರಳು ಹುಡುಕಿಕೊಂಡು ಗ್ಯಾರೇಜಿನೊಳಗೇ ನುಗ್ಗಿ ಟೈರುಗಳ ಮೇಲೆ ಕೂತರು. ಯಾರೋ ಪುಣ್ಯಾತ್ಮರು ಸತ್ತವರ ಹೆಸರಲ್ಲಿ ಹಂಚುವ ಬೇಯಿಸಿದ ಗೋಧಿಯನ್ನು ಅಲ್ಲೇ ಕೊಡತೊಡಗಿದರು. ಗೆಂಚೊ ಬಾನೆಟ್ ಎತ್ತಿದ. ಗಾಡಿಯ ಮೂತಿಗೆ ತಂತಿಯಿಂದ ಬಿಗಿದಿದ್ದ, ಟ್ರ್ಯಾಕ್ಟರ್ ಚಕ್ರದಷ್ಟಿದ್ದ ಹೂಚಕ್ರದ ಕಡೆ ತಪ್ಪಿಯೂ ನೋಡದೆ, ಒಳಗಿನಿಂದ ಎಸಿ ಗ್ಯಾಸಿನ ಒತ್ತಡ ಅಳೆಯುವ ಗೇಜುಗಳನ್ನು ತಂದು ಕೊಳವೆ ಸಿಕ್ಕಿಸಿದ. ನೀಲಿ ಗೇಜು ತಂಪಾದ ಬದಿಗೆ, ಕೆಂಪು ಬಿಸಿಯಾದ ಬದಿಗೆ.

ಹನ್ನೊಂದು ವರ್ಷದ ಹಿಂದೆ ಮನಸ್ಸು ಮುರಿದದ್ದೂ ಈ ಗೇಜುಗಳಿಂದಲೇ. ಇಲ್ಕೊ ಬರೀ ಅಂಗೈ ಇಟ್ಟು, ಕಿವಿಗೊಟ್ಟು ರೋಗ ಹೇಳುತ್ತಿದ್ದ. "ಸೂಜಿ ನೋಡಿ ಹೇಳೋನು ಮೆಕ್ಯಾನಿಕ್ ಅಲ್ಲ, ಹವಾಮಾನ ಇಲಾಖೆಯೋನು," ಎಂದು ತುಂಬಿದ ಹೋಟೆಲಿನಲ್ಲಿ ನಗಾಡಿದ್ದ. ಗೆಂಚೊ ಕುಡಿಯುತ್ತಿದ್ದ ರಕಿಯಾವನ್ನು ಅರ್ಧಕ್ಕೆ ಬಿಟ್ಟು ಎದ್ದುಬಂದಿದ್ದ.

ಪೆನ್ಕಾ ಗಾಡಿಯ ಹಿಂಬದಿಯ ಗಾಜು ತಟ್ಟಿದಳು. "ಕೇಳಿಸ್ತೇನ್ರೀ? ನಿಮ್ಮ ಹವಾಮಾನ ಇಲಾಖೆಯೋನು ಬಂದ."

ಗೆಂಚೊನ ಕಿವಿ ಕೆಂಪಾಯಿತು. ಎಂಜಿನ್ ಚಾಲೂ ಆಯಿತು. ನೀಲಿ ಸೂಜಿ ಸಾಧುವಿನಂತಿತ್ತು. ಕೆಂಪು ಸೂಜಿ ಮಾತ್ರ ಇಪ್ಪತ್ತು ದಾಟಿ, ಇಪ್ಪತ್ತೈದು ದಾಟಿ, ಇನ್ನೇನು ಗಾಜು ಒಡೆಯುತ್ತದೆ ಎನ್ನುವಾಗ ಟಪ್ಪೆಂದು ಎಸಿ ತಾನಾಗಿ ನಿಂತು, ಸೂಜಿ ಜಾರಿ ಕೆಳಗಿಳಿಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಏರು, ಅದೇ ಇಳಿತ.

"ಗ್ಯಾಸ್ ಸರಿಯಾಗಿದೆ. ಫ್ಯಾನೂ ತಿರುಗ್ತಿದೆ," ಎಂದ ಗೆಂಚೊ. ಟೈರುಗಳ ಮೇಲಿದ್ದವರು ಗೋಧಿ ಅಗಿಯುವುದನ್ನು ನಿಲ್ಲಿಸಿದರು. "ಗಾಡಿ ಉಸಿರು ಕಟ್ಟಿ ಸಾಯ್ತಿದೆ. ಎಂಜಿನ್ನಿಗೂ ಗಾಳಿಯಿಲ್ಲ, ಎಸಿಗೂ ಗಾಳಿಯಿಲ್ಲ. ಮುಂದ್ಗಡೆ ಏನೋ..."

ಅಷ್ಟೂ ಜನರ ಕಣ್ಣು ಹೂಚಕ್ರದ ಮೇಲಿತ್ತು. ಅದರ ಕರಿ ಪಟ್ಟಿಯಲ್ಲಿ 'ನನ್ನ ಗುರುವಿಗೆ' ಎಂದಷ್ಟೇ ಬರೆದಿತ್ತು. ಹೆಸರು ಬೇಡವೆಂದು ಹೂವಿನವಳಿಗೆ ಮೂರು ಸಲ ಹೇಳಿ ಬಂದವನು ಗೆಂಚೊನೇ.

"ಹೆಸರೇ ಇಲ್ಲ ನೋಡು," ಎಂದಳು ಪೆನ್ಕಾ. "ಈ ಊರಲ್ಲಿ ಇಷ್ಟು ದಪ್ಪ ಹೂವು ಕಳಿಸೋವಷ್ಟು ತಪ್ಪು ಯಾರದಿರಬಹುದು ಅಂತ ನಿನ್ನೆಯಿಂದ ಯೋಚಿಸ್ತಾನೇ ಇದೀನಿ."

ಗೆಂಚೊ ತಂತಿ ಕತ್ತರಿಸಿ ಹೂಚಕ್ರವನ್ನು ಬಿಡಿಸಿದ. ಕೆಂಪು ಸೂಜಿ ಹದಿನಾರಕ್ಕೆ ಇಳಿದು, ಒಳ್ಳೆಯ ಶಿಷ್ಯನಂತೆ ಅಲ್ಲೇ ಕೂತಿತು. ರಂಗೆಲ್ ಒಳಗೆ ಕೈಯಿಟ್ಟು ನೋಡಿ, "ಆಹಾ, ಜನವರಿ!" ಎಂದು ಕೂಗಿದ. ಜನ ಚಪ್ಪಾಳೆ ತಟ್ಟಿ, ಎಲ್ಲಿಗೆ ಹೊರಟವರೆಂಬುದು ನೆನಪಾಗಿ ತಲೆ ತಗ್ಗಿಸಿದರು. ಗೆಂಚೊ ಹೂಚಕ್ರವನ್ನು ಗೋಡೆಗೊರಗಿಸಲು ಹೋದ.

"ನೆಲಕ್ಕಿಟ್ಟೀಯ ಹುಷಾರ್! ಅದು ಮುಂದೆ ಹೋಗೋ ಹೂವು. ಹಿಡ್ಕೊಂಡು ನಡಿ," ಎಂದಳು ಪೆನ್ಕಾ.

"ಈ ಎಣ್ಣೆ ಬಟ್ಟೇಲಾ, ಚಿಕ್ಕಮ್ಮ?"

"ಅವರು ನಿನ್ನನ್ನ ಬೇರೆ ಯಾವ ಬಟ್ಟೇಲಿ ನೋಡಿದ್ರು?"

ಹಾಗೆ ಗೆಂಚೊ ಮೆರವಣಿಗೆಯ ತಲೆಯಲ್ಲಿ ನಡೆದ. ಹೂಚಕ್ರದ ಮರೆಯಲ್ಲಿ ಅವನ ಎರಡು ಕಾಲು ಮಾತ್ರ ಕಾಣುತ್ತಿದ್ದವು. ಮೊದಲ ಬೀದಿ ಕಳೆಯುವವರೆಗೆ ಬರೀ ನಾಚಿಕೆಯಾಯಿತು. ಎರಡನೆಯದರಲ್ಲಿ, ಸದ್ಯ ಮುಖ ಮುಚ್ಚಿದೆಯಲ್ಲ ಎನ್ನಿಸಿತು. ಏಕೆಂದರೆ ಅವನು ಬಿಕ್ಕಿ ಬಿಕ್ಕಿ ಅಳುತ್ತಿದ್ದ.

ಚರ್ಚಿನ ಮುಂದೆ ಗಾಡಿಯ ಬಾಗಿಲು ತೆರೆದಾಗ ಒಳಗಿನ ಬಿಸಿ ಅವನ ಮುಖಕ್ಕೆ ಹೊಡೆಯಿತು.

"ಎಸಿ ಮತ್ತೆ ಕೆಟ್ಟಿತಾ?"

"ಎಲ್ಲಿ ಕೆಡತ್ತೆ! ಹೊರಟ ಎರಡೇ ನಿಮಿಷಕ್ಕೆ ಆರಿಸಿಬಿಟ್ರು," ಎಂದ ರಂಗೆಲ್.

"ಆ ತಣ್ಣನೆ ಗಾಳಿಗೆ ನನ್ನ ಕತ್ತು ಹಿಡ್ಕೊಳ್ಳತ್ತೆ," ಎಂದಳು ಪೆನ್ಕಾ, ಇಳಿಯುತ್ತ.

ಗೆಂಚೊ ಗಾಡಿಯ ಮೂತಿಯನ್ನು ನೋಡಿದ. ಕತ್ತರಿಸಿದ ತಂತಿಯ ತುಂಡುಗಳು ಇನ್ನೂ ಅಲ್ಲೇ ನೇತಾಡುತ್ತಿದ್ದವು. "ಇದನ್ನ ಇಲ್ಲಿ ಕಟ್ಟಿದ ಮುಠ್ಠಾಳ ಯಾರು?"

ರಂಗೆಲ್ ಗದ್ದದಿಂದ ಪೆನ್ಕಾಳ ಕಡೆ ತೋರಿಸಿದ. ಅವಳು ತಲೆಯ ಕರಿ ವಸ್ತ್ರವನ್ನು ಗಂಟಲ ಕೆಳಗೆ ಬಿಗಿಯಾಗಿ ಗಂಟು ಹಾಕಿಕೊಂಡಳು.

"ಐವತ್ತು ವರ್ಷ ಮೆಕ್ಯಾನಿಕ್ ಜೊತೆ ಬಾಳಿದೀನಿ ಕಣೋ. ಎಲ್ಲಿ ಗಾಳಿ ಕಟ್ಟಿದ್ರೆ ಗಾಡಿ ಯಾರ ಬಾಗಿಲಿಗೆ ಹೋಗಿ ನಿಲ್ಲತ್ತೆ ಅಂತ ಅಷ್ಟೂ ಗೊತ್ತಾಗಲ್ವಾ?"