ಹೆಣ್ಣೆಂದು ಬರೆಸಿದ ಮರಿ

ಮರಳು ಕಾದು ಕೆಂಡವಾಗಿ, ಆ ಕಾವಿಗೆ ತುಂಗಭದ್ರೆಯ ಆಮೆಮರಿಗಳೆಲ್ಲ ಹೆಣ್ಣಾಗಿಯೇ ಹುಟ್ಟತೊಡಗಿ ಹದಿನಾಲ್ಕು ವರ್ಷವಾಗಿತ್ತು. ಅಪರೂಪಕ್ಕೆ ಗಂಡೊಂದು ಸಿಕ್ಕರೆ ಸರ್ಕಾರ ಅದನ್ನು ಎತ್ತಿಕೊಂಡು ಹೋಗಿ, ಆ ದಂಡೆಗೆ ಬೇಲಿ ಹಾಕಿ, ಅಲ್ಲಿನ ಬೆಸ್ತರನ್ನೆಲ್ಲ ಒಕ್ಕಲೆಬ್ಬಿಸುತ್ತಿತ್ತು.

ಮರಿ ಹೆಣ್ಣೋ ಗಂಡೋ ಹೊರಗಿನಿಂದ ತಿಳಿಯುವುದಿಲ್ಲ. ಹಿಂಗಾಲಿನ ಸಂದಿಯಲ್ಲಿ ಚಿಕ್ಕದಾಗಿ ಕೊಯ್ದು, ಕೊಳವೆ ತೂರಿಸಿ ನೋಡುವುದು ಬೆಸ್ತರ ಹುಲಿಗೆವ್ವನ ಕೆಲಸ. ಇವತ್ತಿನ ಮರಿಯೊಳಗೆ ರವೆಯಂಥ ಮೊಟ್ಟೆಕಾಳುಗಳಿರಲಿಲ್ಲ. ಮೂತ್ರಪಿಂಡಕ್ಕೆ ಅಂಟಿಕೊಂಡು ನುಣ್ಣನೆಯ ಹಳದಿ ಬೀಜವಿತ್ತು. ಅವಳ ಕಣ್ಣಿಗೆ ಬಿದ್ದ ಮೊದಲ ಗಂಡು.

"ಏನದು? ಬೇಗ ಬೊಗಳು," ಮರಿಗಳ ಲೆಕ್ಕ ಬರೆಯಲು ಬಂದು ಮೂಗಿಗೆ ಕರವಸ್ತ್ರ ಒತ್ತಿಕೊಂಡಿದ್ದ ಸರ್ಕಾರಿ ಇನ್‌ಸ್ಪೆಕ್ಟರ್ ಗದರಿದ.

"ಹೆಣ್ರೀ."

"ಸುಳ್ಳಾದ್ರೆ ನಿನ್ನ ಗುಡಿಸಲು ಕೀಳಿಸ್ತೀನಿ."

"ಹಂಗಾರ ನೀವ ಕಣ್ಣು ಹಚ್ಚಿ ನೋಡ್ರಿ." ಅವಳು ಕೊಳವೆಯನ್ನು ಅವನತ್ತ ಚಾಚಿದಳು.

ಅವನು ಎರಡು ಹೆಜ್ಜೆ ಹಿಂದೆ ಸರಿದ. "ನಿಮ್ಮ ಜಾತಿಯೋರು ಕಣ್ಣಿಟ್ಟಿದ್ದಕ್ಕೆ ನಾನು ಕಣ್ಣಿಡಬೇಕಾ? ಥೂ!" ಎಂದು ಹೆಣ್ಣೆಂದೇ ಬರೆದುಕೊಂಡ.

ಹುಲಿಗೆವ್ವ ಹಲ್ಲು ಕಚ್ಚಿಕೊಂಡು ಗಾಯಕ್ಕೆ ಹೊಲಿಗೆ ಹಾಕಿದಳು. ಮರಿಯನ್ನು ಹೊಳೆಗೆ ಬಿಟ್ಟು, ಅವನಿಗೆ ಕೇಳಲೆಂದೇ ಗಟ್ಟಿಯಾಗಿ ಹೇಳಿದಳು:

"ಹೋಗವ್ವಾ ನನ್ ಮಗಳ, ನಿನ್ ಗೆಳತ್ಯಾರು ಹದಿನಾಲ್ಕು ವರ್ಷದಿಂದ ದಾರಿ ಕಾಯಾಕತ್ಯಾರ."