ಧೈರ್ಯವಾಗಿ ಹೇಳು

“ನಿನಗೇನು ಬೇಕೋ ಧೈರ್ಯವಾಗಿ ಹೇಳಮ್ಮ,” ಎಂದು ಶಿವಶಂಕರ ಸಾರ್ ಮೈಲಾರಮ್ಮನ ಕೈಗೆ ಮೈಕು ಕೊಟ್ಟರು. ಬುದ್ಧಿ ನಿಧಾನ ಎನಿಸಿಕೊಂಡವರಿಗೆ ತಮ್ಮ ಮಾತನ್ನು ತಾವೇ ಆಡಲು ಕಲಿಸುವ ತರಬೇತಿ ರಾಯದುರ್ಗದ ಕಲ್ಯಾಣಮಂಟಪದಲ್ಲಿ ಅಂದಿಗೆ ಮುಗಿಯುತ್ತಿತ್ತು. ಮೂರು ದಿನ ಸಾರ್ ಇದೊಂದನ್ನೇ ಹೇಳಿಕೊಟ್ಟಿದ್ದರು. ಮರೆತಾರೆಂದು, ಏನು ಹೇಳಬೇಕೆಂಬುದನ್ನೂ ಚೀಟಿಯಲ್ಲಿ ಬರೆದುಕೊಟ್ಟಿದ್ದರು: ‘ನನಗೆ ಸಮಾನತೆ ಬೇಕು. ಯರ್ರಪ್ಪನವರಿಗೆ ಧನ್ಯವಾದ.’

ಯರ್ರಪ್ಪನವರು ಮುಖ್ಯ ಅತಿಥಿ, ಮೂರು ದಿನದ ಊಟ ಅವರದೇ. ಅವರ ಜೀನ್ಸ್ ಯೂನಿಟ್ಟಿನಲ್ಲಿ ಮೈಲಾರಮ್ಮ ಆರು ವರ್ಷದಿಂದ ನೆಲದ ಮೇಲೆ ಕೂತು, ಹೊಲಿದು ಬಂದ ಪ್ಯಾಂಟುಗಳ ದಾರದ ತುದಿ ಕತ್ತರಿಸುತ್ತಿದ್ದಳು.

ಮಾತು ಅವಳ ಬಾಯಿಗೆ ಬರಲು ಹೊತ್ತು ಹಿಡಿಯುತ್ತಿತ್ತು. ಬರುವಷ್ಟರಲ್ಲಿ ಬೇರೆ ಯಾರಾದರೂ ಆಡಿ ಮುಗಿಸಿರುತ್ತಿದ್ದರು. ಈಗಲೂ ಮುಂದಿನ ಸಾಲಿನಿಂದ ಅವಳ ತಾಯಿ ಈಶ್ವರಮ್ಮ ಎದ್ದು, “ಆಕಿಗೇನೂ ಬ್ಯಾಡ್ರಿ, ಎಲ್ಲಾ ಚಲೋ ಐತಿ,” ಎಂದಳು. ಆದರೆ ಮೈಕು ಮಗಳ ಕೈಯಲ್ಲಿತ್ತು.

“ನನಗ ಮಷಿನ್ ಬೇಕ್ರಿ,” ಎಂದಳು ಮೈಲಾರಮ್ಮ. “ಹೊಲಿಯಾಕ. ಟೈಲರ್ ನಾಗವೇಣಕ್ಕ ಊಟದ ಹೊತ್ತಿನ್ಯಾಗ ಕಲಿಸ್ಯಾಳ. ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಹೋದೋರ ಮಷಿನ್ ನಾಕು ಖಾಲಿ ಅದಾವ.”

ಸಾರ್ ಚಪ್ಪಾಳೆ ತಟ್ಟುತ್ತಲೇ ಮೈಕಿಗೆ ಕೈ ಚಾಚಿದರು. “ಚೆನ್ನಾಗಿ ಹೇಳಿದೆ. ಆದ್ರೆ ಈಗಲ್ಲಮ್ಮ...” ಮೈಲಾರಮ್ಮ ಮೈಕನ್ನು ಎದೆಗವಚಿಕೊಂಡಳು. ಎದುರಿಗೆ ಏಳೆಂಟು ಮೊಬೈಲು ವಿಡಿಯೋ ಹಿಡಿಯುತ್ತಿದ್ದವು. ಯರ್ರಪ್ಪನವರು ನಗೆ ತಂದುಕೊಂಡರು. “ನಿನ್ನ ಒಳ್ಳೇದಕ್ಕ ಬ್ಯಾಡ ಅನ್ನೋದು. ಬೆರಳಿಗೆ ಸೂಜಿ ಚುಚ್ಚಿದ್ರ ಯಾರು ಹೊಣಿ?”

ಮೈಲಾರಮ್ಮ ಯೋಚಿಸಿದಳು. ಸಭೆಯಲ್ಲಿ ಇನ್ನೊಂದು ಮೈಕು ಇರಲಿಲ್ಲವಾದ್ದರಿಂದ ಎಲ್ಲರೂ ಕಾಯಬೇಕಾಯಿತು.

“ಹೋದ ತಿಂಗಳ ನಾಗವೇಣಕ್ಕಗ ಚುಚ್ಚಿತ್ತಲ್ರಿ. ನೀವು ಬಟ್ಟಿ ಚೂರು ಕೊಟ್ಟು, ಸುತ್ತಿಕೊಂಡು ಹೊಲಿ ಅಂದ್ರಿ. ನನಗೂ ಹಂಗ ಅನ್ರಿ.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಯರ್ರಪ್ಪನವರು ಮೊಬೈಲುಗಳನ್ನು ಒಮ್ಮೆ ನೋಡಿ, “ಆತು, ಸೋಮವಾರದಿಂದ ಮಷಿನಿಗೆ ಕುಂದ್ರು,” ಎಂದರು. ಆಮೇಲೆ ಫೋಟೋಗೆ ನಿಲ್ಲದೆ ಕಾರು ಹತ್ತಿದರು.

ಕುರ್ಚಿ ಜೋಡಿಸುವಾಗ ಸಾರ್ ಈಶ್ವರಮ್ಮನ ಬಳಿ ಬಂದರು. “ಮಗಳಿಗೆ ಧೈರ್ಯ ಬಂತಮ್ಮ, ಸ್ವಲ್ಪ ಜಾಸ್ತೀನೇ ಬಂತು. ಮುಂದಿನ ತಿಂಗಳು ಇನ್ನೊಂದು ತರಬೇತಿ ಇಡ್ತೀವಿ, ಎಲ್ಲೆಲ್ಲಿ ಸುಮ್ಮನಿರಬೇಕು ಅಂತ. ಕಳಿಸ್ತೀರಲ್ಲ?”

‘ಕಳಿಸ್ತೀನ್ರಿ’ ಎನ್ನಲು ಬಾಯಿ ತೆರೆದ ಈಶ್ವರಮ್ಮ, ಯಾಕೋ ತಡೆದು ಮಗಳ ಮುಖ ನೋಡಿದಳು. ನೋಡುತ್ತಾ ನಿಂತಳು.

“ಬ್ಯಾಡ್ರಿ ಸಾರ್,” ಎಂದಳು ಮೈಲಾರಮ್ಮ ಕೊನೆಗೆ. “ಸುಮ್ನಿರಾದು ನನಗ ಬರ್ತೈತಿ. ಸಣ್ಣಾಕಿ ಇದ್ದಾಗಿಂದ ಎಲ್ಲಾರೂ ಅದನ್ನೇ ಕಲಿಸ್ಯಾರ.”