ಅಧಿಕಾರಿಯ ಬೂಟು

ಕೂಲಿ ಹೆಚ್ಚಿಸಿ ಎಂದು ಕೇಳಿದ ಹನ್ನೊಂದು ಗಿರಣಿ ಕೆಲಸಗಾರರನ್ನು ಸೇನೆಯ ಅಧಿಕಾರಿಯೊಬ್ಬ ಗೇಟಿನ ಮುಂದೆಯೇ ಗುಂಡಿಟ್ಟು ಕೊಲ್ಲಿಸಿದ್ದ. ಅವರಲ್ಲಿ ಊರಿನ ಒಬ್ಬ ಬೂಟು ಹೊಲಿಯುವವನ ಅಪ್ಪನೂ ಇದ್ದ. ಐವತ್ತು ವರ್ಷದ ಮೇಲೆ ಊರಿನ ಇತಿಹಾಸ ಸಂಘ ಆ ದಿನವನ್ನು ಮೈದಾನದಲ್ಲಿ ಆಡಿ ತೋರಿಸಲು ಹೊರಟಿತ್ತು. ಅಧಿಕಾರಿಯ ಪಾತ್ರ ಸಿಕ್ಕಿದ್ದ ವಕೀಲ, ಹಳೇ ಮಿಲಿಟರಿ ಸಾಮಾನಿನ ಅಂಗಡಿಯಲ್ಲಿ ಕಾಲು ಚಾಚಿ ಕೂತಿದ್ದ. ಅಲ್ಲೇ ಕೆಲಸಕ್ಕಿದ್ದ ಆ ಬೂಟು ಹೊಲಿಯುವವನು ಮಂಡಿಯೂರಿ, ಪೌಡರ್ ಸವರಿ, ಮೊಣಕಾಲೆತ್ತರದ ಬೂಟನ್ನು ಎಳೆದೆಳೆದು ಏರಿಸಿದ.

“ಆ ಅಧಿಕಾರಿ ಸತ್ತವರ ಪಕ್ಕೆಗೆ ಬೂಟಿನ ತುದಿ ಕೊಟ್ಟು ಹೊರಳಿಸಿ ನೋಡಿದ್ನಂತೆ, ಉಸಿರಿದೆಯಾ ಅಂತ,” ಎಂದ ವಕೀಲ. “ಇದ್ರಲ್ಲಿ ಕಾಲು ಹಾಗೆ ಆಡುತ್ತಾ ನೋಡ್ಬೇಕು. ಸ್ವಲ್ಪ ಮಲಗಪ್ಪಾ.”

ಬೂಟು ಹೊಲಿಯುವವನು ಅಂಗಡಿ ಮಾಲೀಕನ ಮುಖ ನೋಡಿದ. ಅವನ ಅಪ್ಪ ಸತ್ತದ್ದು ಹೇಗೆ ಅಂತ ಮಾಲೀಕನಿಗೆ ಗೊತ್ತಿತ್ತು.

“ಮಲಗಯ್ಯಾ, ಇನ್ನೂ ಬೋಣಿ ಆಗಿಲ್ಲ. ಒಂದು ನಿಮಿಷ ಸತ್ತಂಗೆ ಬಿದ್ಕೊಂಡ್ರೆ ನಿನ್ನ ಗಂಟೇನು ಹೋಗುತ್ತೆ? ನಿಮ್ಮಪ್ಪ ಪುಕ್ಕಟೆ ಮಲಗಿದ್ದ, ನಿಂಗೆ ಸಂಬಳ ಇದೆ.”

ವಕೀಲ ನಕ್ಕ. “ಓಹೋ, ಮನೆತನದ ಕಸುಬು ಅನ್ನು.”

“ಮಲಗ್ದೇ ಇದ್ರೆ ನಾಳೆಯಿಂದ ಬರ್ಬೇಡ,” ಎಂದ ಮಾಲೀಕ.

ಬೂಟು ಹೊಲಿಯುವವನು ಇನ್ನೊಂದು ಬೂಟನ್ನು ಅಲ್ಲೇ ಬಿಟ್ಟು ಎದ್ದು ನಿಂತ.

“ಮಲಗಲ್ಲ,” ಎಂದ.